ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: 'ಹದಿನೈದೂವರೆ ಗಂಟೆ' ಲೆಕ್ಕ ನಂಬಿ ಟಿಕೆಟ್ ಮಾಡಬೇಡಿ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗಳ ಮನೆಗೆ ಹೊರಟಿದ್ದ ಹಿರಿಯ ದಂಪತಿ ದುಬೈಯಲ್ಲಿ ಸಿಕ್ಕಿಬಿದ್ದರು. ಅಗ್ಗಕ್ಕೆ ಸಿಕ್ಕಿತೆಂದು ಎರಡು ಬೇರೆ ಕಂಪನಿಗಳಲ್ಲಿ ಟಿಕೆಟ್ ಮಾಡಿಸಿದ್ದರು, ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಕೂಡ ಬೇರೆ ಬೇರೆ. ಬೆಂಗಳೂರು ಬಿಡುವುದು ಬೆಳಗಿನ ಜಾವ 4:00, ದುಬೈ ತಲುಪುವುದು ಅಲ್ಲಿನ 6:30, ಮುಂದಿನ ವಿಮಾನ 8:50. ಮೊದಲ ವಿಮಾನ 50 ನಿಮಿಷ ತಡವಾಯಿತು. ಸೂಟ್‌ಕೇಸ್‌ಗಳು ಇಮಿಗ್ರೇಶನ್ ಆಚೆಯ ಬೆಲ್ಟ್‌ನಲ್ಲಿ. ಹೊರಗೆ ಹೋಗಲು ಅಲ್ಲಿನ ವೀಸಾ ಬೇಕು, ಇವರ ಬಳಿ ಇರಲಿಲ್ಲ. ಅಷ್ಟರಲ್ಲಿ ಎರಡನೇ ಕಂಪನಿಯ ಕೌಂಟರ್ ಮುಚ್ಚಿತು. 'ನೋ ಶೋ' (ವಿಮಾನಕ್ಕೆ ಬಾರದವರು) ಎಂದು ದಾಖಲಾದ ಮೇಲೆ ಅದೇ ಟಿಕೆಟ್‌ನಲ್ಲಿದ್ದ ವಾಪಸ್ ಪ್ರಯಾಣವೂ ರದ್ದಾಯಿತು.

ತಪ್ಪು ಶುರುವಾಗಿದ್ದು 'ಹದಿನೈದೂವರೆ ಗಂಟೆಯಲ್ಲಿ ತಲುಪುತ್ತೇವೆ' ಎಂಬ ದೂರದ ಲೆಕ್ಕದಲ್ಲಿ. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಗಳ ನಡುವೆ ಭೂಗೋಳದ ಮೇಲೆ ಎಳೆದ ಅತಿ ಹತ್ತಿರದ ಗೆರೆ ಸುಮಾರು 14,000 ಕಿ.ಮೀ. ಅದನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಗಂಟೆಗೆ 900 ಕಿ.ಮೀ. ವೇಗ ಮೇಲೆ ಹೋದಮೇಲಿನದು. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು, ಎದುರುಗಾಳಿ, ವಿಮಾನಗಳಿಗೆ ಮುಚ್ಚಿದ ದೇಶಗಳ ಆಕಾಶವನ್ನು ಸುತ್ತಿಬಳಸಿ ಹೋಗುವುದು, ಯಾವುದೂ ಈ ಭಾಗಾಕಾರದಲ್ಲಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಎಲ್ಲೂ ನಿಲ್ಲದೆ ಬೆಂಗಳೂರಿಗೆ ತಂದ ವಿಮಾನಕ್ಕೇ ಸುಮಾರು 17 ಗಂಟೆ ಹಿಡಿಯಿತು.

ದುಬೈ ಮೇಲೆ ಹೋದರೆ ದೂರವೂ ಬೆಳೆಯುತ್ತದೆ: ಮೊದಲು ಸುಮಾರು 2,700, ಆಮೇಲೆ ಸುಮಾರು 13,000 ಕಿ.ಮೀ.

ಗಡಿಯಾರ ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಮೇಲಿನ ಟಿಕೆಟ್‌ನಲ್ಲಿ ಹೊರಡುವುದು 4:00, ತಲುಪುವುದು ಅದೇ ದಿನ ಮಧ್ಯಾಹ್ನ 12:50. ನೋಡಿದರೆ ಒಂಬತ್ತು ಗಂಟೆಯೂ ಇಲ್ಲ! ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅದನ್ನು ಕೂಡಿಸಿ: 22 ಗಂಟೆ 20 ನಿಮಿಷ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ವ್ಯತ್ಯಾಸ ಹನ್ನೆರಡೂವರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಈ 22 ಗಂಟೆಯನ್ನೇ ವೈದ್ಯರಿಗೆ ಹೇಳಬೇಕು. ಔಷಧ ಕೈಚೀಲದಲ್ಲೇ ಇರಲಿ.

ತಂದೆತಾಯಿಯನ್ನು ಕಳಿಸುವವರು ದಯವಿಟ್ಟು ಇಡೀ ಪ್ರಯಾಣವನ್ನು ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಆಗ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬೇರೆ ವಿಮಾನ ಹತ್ತಿಸುವ ಹೊಣೆ ಕಂಪನಿಯದು. ಬೆಂಗಳೂರಿನ ಕೌಂಟರ್‌ನಲ್ಲಿ ಬ್ಯಾಗಿಗೆ ಅಂಟಿಸುವ ಪಟ್ಟಿಯಲ್ಲಿ ಕೊನೆಯ ನಿಲ್ದಾಣ 'ಎಸ್‌ಎಫ್‌ಒ' (ಸ್ಯಾನ್ ಫ್ರಾನ್ಸಿಸ್ಕೋ) ಎಂದಿದೆಯೇ ಎಂದು ಅಲ್ಲೇ ನಿಂತು ಓದಿ. 'ಡಿಎಕ್ಸ್‌ಬಿ' (ದುಬೈ) ಎಂದಷ್ಟೇ ಇದ್ದರೆ ಬ್ಯಾಗು ದುಬೈಯಲ್ಲೇ ಇಳಿಯುತ್ತದೆ. ನಡುವೆ ಕನಿಷ್ಠ ಮೂರು ಗಂಟೆ ಬಿಡಿ. ಗಾಲಿಕುರ್ಚಿ ಕೇಳಿದವರಿಗೆ ಅದೂ ಕೆಲವೊಮ್ಮೆ ಬಿಗಿಯೇ, ಏಕೆಂದರೆ ಅವರು ವಿಮಾನದಿಂದ ಸಾಮಾನ್ಯವಾಗಿ ಕೊನೆಗೆ ಇಳಿಯುತ್ತಾರೆ. ಅಮೆರಿಕದಲ್ಲಿ ಇನ್ನೊಂದು ಊರಿಗೆ ವಿಮಾನ ಹಿಡಿಯುವವರು ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಶನ್ ಮುಗಿಸಿ, ಸಾಮಾನ್ಯವಾಗಿ ಬ್ಯಾಗನ್ನೂ ತೆಗೆದು ಮತ್ತೆ ಕೊಡಬೇಕಾಗುತ್ತದೆ. ಅಲ್ಲಿ ನಾಲ್ಕು ಗಂಟೆ ಇರಲಿ.

ತಾರೀಖು ಎರಡು ಸಲ ಓದಿ. ಶನಿವಾರ 00:40ರ ವಿಮಾನಕ್ಕೆ ಶುಕ್ರವಾರ ರಾತ್ರಿಯೇ ದೇವನಹಳ್ಳಿಯಲ್ಲಿರಬೇಕು. ಶನಿವಾರ ರಾತ್ರಿ ಬಂದು ನಿಲ್ಲುವವರು ಇಂದಿಗೂ ಇದ್ದಾರೆ. ವಾಪಸ್ ಬರುವಾಗ ಸಮಯದ ಪಕ್ಕದಲ್ಲಿ '+2' ಎಂದಿದ್ದರೆ ಶುಕ್ರವಾರ ಮಧ್ಯಾಹ್ನ ಹೊರಟವರು ಬೆಂಗಳೂರಲ್ಲಿ ಇಳಿಯುವುದು ಭಾನುವಾರ. ನಸುಕಿನ 3ಕ್ಕೆ ಇಳಿದವರಿಗೆ ಇಮಿಗ್ರೇಶನ್, ಬ್ಯಾಗು ಮುಗಿಸಿ ಊರಿನ ಬೆಳಗಿನ ರೈಲು ಹಿಡಿಯುವುದು ಕಷ್ಟ. ಮಧ್ಯಾಹ್ನದ ರೈಲಿಗೆ ಬುಕ್ ಮಾಡಿ.