ಜೋಗದ ಮಂಜು, ಇಕ್ಕೇರಿಯ ಕಲ್ಲು, ಮಿಂಚುಳ್ಳಿಯ ನೀಲಿ: ಮಾರುವ ಫೋಟೊಗೆ ಯಾವ ಪ್ರಿಂಟ್?

ಹವ್ಯಾಸಕ್ಕೆ ತೆಗೆದ ಫೋಟೊಗಳನ್ನು ಮಾರಬೇಕು ಎಂದುಕೊಂಡರೆ ನಮ್ಮ ಸಾಗರದ ಕಡೆಯವರಿಗೆ ನಾಲ್ಕು ದಾರಿ ಇವೆ. ಮದುವೆ ಆಲ್ಬಂ ಮಾಡಿಕೊಡುವ ಶಿವಮೊಗ್ಗದ ಕಲರ್ ಲ್ಯಾಬ್, ಲಗ್ನಪತ್ರಿಕೆ ಮತ್ತು ವಿಸಿಟಿಂಗ್ ಕಾರ್ಡ್ ಹಾಕುವ ಡಿಜಿಟಲ್ ಪ್ರೆಸ್, ಮನೆಯ ಇಂಕ್‌ಟ್ಯಾಂಕ್ ಪ್ರಿಂಟರ್, ಬೆಂಗಳೂರಿನಿಂದ ತರಿಸುವ ಹತ್ತಿ ಕಾಗದದ ಆರ್ಕೈವಲ್ (ಬಹುಕಾಲ ಮಾಸದ) ಪ್ರಿಂಟ್. ನಾಲ್ಕೂ ಕಡೆ ಅವೇ ಮೂರು ಫೈಲ್ ಕೊಟ್ಟು ಮಾಡಿಸಿ, ಪಕ್ಕಪಕ್ಕ ಇಟ್ಟು ನೋಡಿದ್ದೇನೆ, ಮಾರಿಯೂ ನೋಡಿದ್ದೇನೆ. ಇಲ್ಲಿರುವ ದರಗಳು ನನಗೆ ಬಿದ್ದವು. ನಿಮ್ಮೂರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಫೈಲ್‌ಗಳನ್ನು ಬೇಕೆಂದೇ ಕಷ್ಟದವನ್ನು ಆರಿಸಿದೆ. ಮೊದಲನೆಯದು ಜುಲೈನ ಜೋಗ. ರಾಜಾ ಧಾರೆ ಅರ್ಧ ಮಂಜಿನೊಳಗಿದೆ, ಬಿಳಿಯೊಳಗಿನ ಬಿಳಿ ಉಳಿಯುತ್ತದೆಯೇ ಎಂದು ನೋಡಲು. ಎರಡನೆಯದು ಮೋಡದ ದಿನ ತೆಗೆದ ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಗೋಡೆ. ಗ್ರಾನೈಟಿನ ಬೂದು ಬಣ್ಣದಲ್ಲಿ ಚೂರು ಹಸಿರೋ ಕೆಂಪೋ ಬೆರೆತರೂ ಕಣ್ಣಿಗೆ ಹೊಡೆಯುತ್ತದೆ. ಮೂರನೆಯದು ಮಿಂಚುಳ್ಳಿ, ಅದರ ಬೆನ್ನಿನ ನೀಲಿಗಾಗಿ. ಮೂರೂ 24 ಮೆಗಾಪಿಕ್ಸೆಲ್, ಅಂದರೆ 6000×4000. 12×18 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 5400×3600 ಸಾಕು, ಹಾಗಾಗಿ ಆ ಅಳತೆಯವರೆಗೆ ಚಿಂತೆಯಿಲ್ಲ.

ಕಲರ್ ಲ್ಯಾಬಿನಲ್ಲಿ ಫ್ಯೂಜಿ ಕ್ರಿಸ್ಟಲ್ ಆರ್ಕೈವ್‌ನಂಥ ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸಿ ರಾಸಾಯನಿಕದಲ್ಲಿ ತೊಳೆಯುತ್ತಾರೆ. ಭೂತಗನ್ನಡಿ ಹಿಡಿದರೂ ಚುಕ್ಕೆ ಕಾಣುವುದಿಲ್ಲ. ಮಂಜಿನಿಂದ ಬಂಡೆಗೆ ಬಣ್ಣ ಇಳಿದುಬರುವ ಕಡೆ ಗೆರೆಯಿಲ್ಲ, ಮೆಟ್ಟಿಲಿಲ್ಲ. 8×12ಕ್ಕೆ 60 ರೂಪಾಯಿ, 12×18ಕ್ಕೆ 120. ಈ ದುಡ್ಡಿಗೆ ಇಷ್ಟು ಒಳ್ಳೆಯ ಪ್ರಿಂಟ್ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಆದರೆ ಒಂದು ಮಾತು ಮೊದಲೇ ಹೇಳಬೇಕಾಗುತ್ತದೆ. ಲ್ಯಾಬಿನವರ ಕಣ್ಣು ಮದುವೆ ಫೋಟೊಗೆ ಪಳಗಿರುತ್ತದೆ. ಮುಖ ಬೆಳ್ಳಗಾಗಬೇಕು, ಸೀರೆಯ ಜರಿ ಎದ್ದು ಕಾಣಬೇಕು. ಅದೇ ರೂಢಿಯಲ್ಲಿ ಜೋಗದ ಫೈಲಿಗೂ ಕಾಂಟ್ರಾಸ್ಟ್ ಏರಿಸಿದ್ದರು. ಮಂಜೆಲ್ಲ ಹೋಗಿ, ಕರೀ ಬಂಡೆಯ ಮೇಲೆ ನೀರು ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. "ಅಣ್ಣಾ, ಕರೆಕ್ಷನ್ ಬೇಡ, ಫೈಲ್ ಹೇಗಿದೆಯೋ ಹಾಗೇ ಬಿಡಿ" ಅಂದೆ. "ಡಲ್ ಬರುತ್ತೆ ಮೇಡಂ, ಆಮೇಲೆ ನಮ್ಮನ್ನ ಕೇಳ್ಬೇಡಿ" ಅಂದರು. ಆರ್ಡರ್ ಚೀಟಿಯ ಮೇಲೂ "ನೋ ಕರೆಕ್ಷನ್" ಎಂದು ಬರೆಸಿದೆ. ಬಂದ ಪ್ರಿಂಟಿನಲ್ಲಿ ಮಂಜು ಪೂರ್ತಿ ಇತ್ತು. ಈಗ ಅವರೇ ಕೇಳುತ್ತಾರೆ, "ಇದೂ ನೋ ಕರೆಕ್ಷನ್ನಾ?" ಎಂದು. ಫೈಲನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾಪಕದಲ್ಲಿ ಉಳಿಸಿ ಪೆನ್‌ಡ್ರೈವಿನಲ್ಲಿ ಕೊಡಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮನೆಯ ಸ್ಕ್ರೀನಿನ ಬ್ರೈಟ್‌ನೆಸ್ ಇಳಿಸಿಯೇ ಎಡಿಟ್ ಮಾಡಿ. ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರಿಗೆ ಬಹುಪಾಲು ಸಲ ಕಾರಣ ಲ್ಯಾಬಲ್ಲ, ಪೂರ್ತಿ ಬೆಳಗುವ ಆ ಸ್ಕ್ರೀನು.

ಇನ್ನೊಂದು ಉಳಿತಾಯ. 12×18ರ ಒಂದೇ ಹಾಳೆಯಲ್ಲಿ 8×12ರ ಎರಡು ಅಡ್ಡ ಚಿತ್ರಗಳನ್ನು ಒಂದರ ಕೆಳಗೊಂದು ಕೂರಿಸಿದರೆ ಕೆಳಗೆ ಎರಡು ಇಂಚಿನ ಪಟ್ಟಿ ಉಳಿಯುತ್ತದೆ. ಅದರಲ್ಲಿ 2×6 ಇಂಚಿನ ಎರಡು ಬುಕ್‌ಮಾರ್ಕ್ ಬರುತ್ತವೆ. ಎರಡು 8×12 ಬೇರೆಬೇರೆ ಹಾಕಿಸಿದರೂ ಅದೇ 120 ರೂಪಾಯಿ, ಬುಕ್‌ಮಾರ್ಕ್ ಪುಕ್ಕಟೆ. ನನ್ನ ಮಿಂಚುಳ್ಳಿ ಬುಕ್‌ಮಾರ್ಕನ್ನು ಮಕ್ಕಳು ಹತ್ತು ರೂಪಾಯಿ ಕೊಟ್ಟು ಒಯ್ಯುತ್ತಾರೆ. ಚಿಕ್ಕವರ ಕೈಗೂ ಎಟಕುವ ಒಂದು ವಸ್ತು ಮಾರುವ ಮೇಜಿನ ಮೇಲೆ ಇರಲೇಬೇಕು ಎಂಬುದು ನನ್ನ ಹಟ.

ಡಿಜಿಟಲ್ ಪ್ರೆಸ್ಸಿನ ಬಲ ಕಾರ್ಡಿನಲ್ಲಿದೆ. 13×19ರ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆಗೆ ಎರಡೂ ಬದಿ ಸೇರಿ 50 ರೂಪಾಯಿ. 4×6ರ ಒಂಬತ್ತು ಪೋಸ್ಟ್‌ಕಾರ್ಡ್ ಕೂರುತ್ತವೆ, ಕಟಿಂಗ್ ಸೇರಿ ಒಂದಕ್ಕೆ ಏಳು ರೂಪಾಯಿ ಒಳಗೇ. ಲ್ಯಾಬಿನ 4×6 ಫೋಟೊ ಬೆಲೆಯಲ್ಲಿ ಹತ್ತಿರವೇ, ಆದರೆ ಅದರ ಬೆನ್ನು ಪ್ಲಾಸ್ಟಿಕ್ ಲೇಪದ್ದು, ಪೆನ್ನಿನ ಶಾಯಿ ಸರಿಯಾಗಿ ಹಿಡಿಯುವುದಿಲ್ಲ. ಕಾರ್ಡಿನ ಹಿಂದೆ ಊರಿನ ಹೆಸರು, ಎರಡು ಸಾಲು ವಿವರ ಹಾಕಿಸಬಹುದು, ಕೊಂಡವರು ಬರೆಯಲೂಬಹುದು. ಮಳೆಗಾಲದ ಪ್ರವಾಸಿಗರು ಇದನ್ನೇ ಹೆಚ್ಚು ಕೊಳ್ಳುತ್ತಾರೆ.

ದೊಡ್ಡ ಪ್ರಿಂಟಿಗೆ ಮಾತ್ರ ಪ್ರೆಸ್ ಬೇಡ. ಪ್ರೆಸ್ಸಿನ ನಾಲ್ಕು ಬಣ್ಣದ ಟೋನರ್ ಪುಡಿಗೆ ಮಿಂಚುಳ್ಳಿಯ ನೀಲಿ ಎಟಕುವುದಿಲ್ಲ, ಮಂಕಾಗುತ್ತದೆ. ಜೋಗದ ಮಂಜಿನಲ್ಲಿ ಚುಕ್ಕೆಗಳು ಮುಗಿದು ಬರೀ ಕಾಗದ ಶುರುವಾಗುವ ಕಡೆ ಒಂದು ಅಂಚು ಎದ್ದು ಕಾಣುತ್ತದೆ. ಇಕ್ಕೇರಿಯ ಕಲ್ಲು ಚೆನ್ನಾಗಿ ಬಂತು. ಮ್ಯಾಟ್ ಕಾರ್ಡಿನ ಒರಟು ಆ ಗೋಡೆಗೆ ಒಪ್ಪುತ್ತದೆ.

ಮನೆಯ ಪ್ರಿಂಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಆರು ಬಣ್ಣದ ಇಂಕ್‌ಟ್ಯಾಂಕಿನಲ್ಲಿ ಒಳ್ಳೆಯ ಕಾಗದ ಹಾಕಿದರೆ ಮಿಂಚುಳ್ಳಿಯ ನೀಲಿ ಲ್ಯಾಬಿಗಿಂತಲೂ ಸೊಗಸಾಗಿ ಬರುತ್ತದೆ, ಇದು ನಿಜ. ಎ4 ಪ್ರಿಂಟ್ ಒಂದಕ್ಕೆ ಕಾಗದ, ಇಂಕ್ ಸೇರಿ ಸುಮಾರು 40 ರೂಪಾಯಿ. ಆದರೆ ಎ4 ಹಾಳೆಯ ಉದ್ದ 11.7 ಇಂಚು, 8×12 ಕೂರುವುದಿಲ್ಲ. ಕಪ್ಪು ಇಂಕ್ ಒಂದೇ ಇರುವುದರಿಂದ ಬೂದು ಬಣ್ಣವನ್ನು ಉಳಿದ ಬಣ್ಣಗಳಿಂದ ಕಟ್ಟುತ್ತದೆ; ಇಕ್ಕೇರಿಯ ಗೋಡೆ ಟ್ಯೂಬ್‌ಲೈಟಿನಲ್ಲಿ ಒಂದು ಥರ, ಬಿಸಿಲಲ್ಲಿ ಇನ್ನೊಂದು ಥರ. ವಾರಕ್ಕೊಂದಾದರೂ ಪ್ರಿಂಟ್ ತೆಗೆಯದಿದ್ದರೆ ಇಂಕ್ ಚಿಮ್ಮುವ ನಾಜಲ್ ಕಟ್ಟಿಕೊಳ್ಳುತ್ತದೆ, ಬಿಡಿಸಲು ಇಂಕ್ ಸುರಿಯಬೇಕು. ಮನೆಯ ಪ್ರಿಂಟರಿನ ಡೈ ಇಂಕಿನ (ದ್ರವದಲ್ಲಿ ಕರಗಿದ ಬಣ್ಣದ) ಪ್ರಿಂಟನ್ನೂ ಲ್ಯಾಬಿನ ಪ್ರಿಂಟನ್ನೂ ಅರ್ಧ ರಟ್ಟು ಮುಚ್ಚಿ ಪಡುವಣ ಕಿಟಕಿಯಲ್ಲಿ ಬೇಸಿಗೆ ಪೂರ್ತಿ ಇಟ್ಟಿದ್ದೆ. ಅಗ್ಗದ ಗ್ಲಾಸಿ ಕಾಗದದ ಮೇಲಿನ ಡೈ ಇಂಕಿನದು ಎದ್ದು ಕಾಣುವಷ್ಟು ಮಾಸಿತ್ತು, ಲ್ಯಾಬಿನದರಲ್ಲಿ ವ್ಯತ್ಯಾಸ ಹುಡುಕಬೇಕಿತ್ತು. ದುಡ್ಡು ಕೊಟ್ಟು ಕೊಂಡವರ ಗೋಡೆಯ ಮೇಲೆ ಚಿತ್ರ ಮಾಸಿಹೋಗುವುದನ್ನು ನನ್ನಿಂದ ಒಪ್ಪಲಾಗದು. ಮನೆಯ ಪ್ರಿಂಟರ್ ಈಗ ಪ್ರೂಫ್, ಅಂದರೆ ಪರೀಕ್ಷೆಯ ಪ್ರತಿ, ತೆಗೆಯುವುದಕ್ಕೆ ಮಾತ್ರ.

ಎರಡು ಸಾವಿರ ರೂಪಾಯಿಯಲ್ಲಿ ಶುರು ಮಾಡುವವರು ಪ್ರಿಂಟರ್ ಕಡೆ ನೋಡಲೇಬೇಡಿ. ಅರ್ಧ ದುಡ್ಡು ಲ್ಯಾಬಿನ 8×12ಕ್ಕೆ, ಕಾಲು ಭಾಗ ಕಾರ್ಡಿಗೆ, ಉಳಿದದ್ದು ಹಿಂದಿನ ರಟ್ಟು ಮತ್ತು ಪಾರದರ್ಶಕ ಕವರಿಗೆ. 60 ರೂಪಾಯಿಯ ಪ್ರಿಂಟ್ ಮಾರುವ ಹೊತ್ತಿಗೆ 80 ಆಗಿರುತ್ತದೆ. ನಾನು 250ಕ್ಕೆ ಕೊಡುತ್ತೇನೆ, 12×18 ಆದರೆ 500. ಕ್ಯಾಮೆರಾದ 3:2 ಅನುಪಾತಕ್ಕೆ 8×12, 12×18 ಎರಡೂ ಕತ್ತರಿಸದೆ ಕೂರುತ್ತವೆ. 8×10 ಎಂದರೆ ಚಿತ್ರದ ಪಕ್ಕದ ಭಾಗ ಕತ್ತರಿಸಿಹೋಗುತ್ತದೆ.

ಹತ್ತಿ ಕಾಗದದ ಮಾತು ಬೇರೆ. ಹಾನೆಮ್ಯೂಲೆ ಕಂಪನಿಯ ಫೋಟೊ ರ್‍ಯಾಗ್, 308 ಜಿಎಸ್‌ಎಂ, ಬೇಗ ಮಾಸದ ಪಿಗ್ಮೆಂಟ್ ಇಂಕ್. ಇಕ್ಕೇರಿಯ ಗೋಡೆ ಇದರಲ್ಲಿ ಬಂದಷ್ಟು ಚೆನ್ನಾಗಿ ಇನ್ನೆಲ್ಲೂ ಬರಲಿಲ್ಲ. ಉಳಿಯ ಗುರುತುಗಳನ್ನು ಬೆರಳಿಂದ ಮುಟ್ಟಬೇಕು ಅನ್ನಿಸುತ್ತದೆ. 12×18ಕ್ಕೆ ಕೊರಿಯರ್ ಸೇರಿ 1,100 ರೂಪಾಯಿ. ಹೋಂಸ್ಟೇ ನಡೆಸುವವರು ಕೇಳಿದರೆ, ಮುಂಗಡ ಬಂದ ಮೇಲೆ ಮಾಡಿಸುತ್ತೇನೆ. ಮಾಡಿಸಿಟ್ಟುಕೊಂಡು ಗಿರಾಕಿಗೆ ಕಾಯುವುದು ಹವ್ಯಾಸಿಯ ಜೇಬಿಗೆ ಭಾರ.

ಫ್ರೇಮ್ ಹಾಕಿಸಿ ಮಾರುವುದಿಲ್ಲ, ಪ್ರಿಂಟಿಗಿಂತ ಅದರ ಖರ್ಚೇ ದೊಡ್ಡದು. ಆದರೆ ಕೊಂಡವರು ಫ್ರೇಮ್ ಹಾಕಿಸಿದಾಗ ಮಲೆನಾಡಿನ ಮಳೆಗಾಲದ ತೇವಕ್ಕೆ ಲ್ಯಾಬಿನ ಗ್ಲಾಸಿ ಪ್ರಿಂಟ್ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಡಿಸಹೋದರೆ ಚಿತ್ರದ ಪದರವೇ ಕಿತ್ತುಬರುತ್ತದೆ. ಹಾಗಾಗಿ 12×18ರ ಪ್ರತಿಯೊಂದರ ಹಿಂದೆಯೂ ಫ್ರೇಮ್ ಅಂಗಡಿಯವರಿಗೆಂದು ಒಂದು ಚೀಟಿ ಅಂಟಿಸುತ್ತೇನೆ: "ಗಾಜಿಗೂ ಫೋಟೊಗೂ ನಡುವೆ ಸುತ್ತಲೂ ಮೌಂಟ್ ಬೋರ್ಡ್ ಹಾಕಿ. ಗಾಜು ತಾಗಬಾರದು."