ಲ್ಯಾಟೆಕ್ಸ್ ಮಣಿಗೆ ಆಂಟಿಬಾಡಿ: ಸುಮ್ನೆ ಅಂಟಿಸೋದಾ, ಬಂಧ ಹಾಕೋದಾ?

ಲ್ಯಾಟೆಕ್ಸ್ ಮಣಿ ಅಂದರೆ ರೋಗಪರೀಕ್ಷೆಗಳಲ್ಲಿ ಬಳಸುವ ಪುಟ್ಟ ಪ್ಲಾಸ್ಟಿಕ್ ಗುಂಡು; ಅದರ ಮೇಲೆ ಆಂಟಿಬಾಡಿ (ಗುರಿಯ ವಸ್ತುವನ್ನು ಹಿಡಿಯುವ ಪ್ರೋಟೀನ್) ಕೂರಿಸಬೇಕು. ಸಾದಾ ಪಾಲಿಸ್ಟೈರೀನ್ ಮಣಿಯ ಜೊತೆ ಆಂಟಿಬಾಡಿ ಬೆರೆಸಿ ಒಂದೆರಡು ಗಂಟೆ ಮೆಲ್ಲಗೆ ತಿರುಗಿಸುತ್ತಿದ್ದರೆ ಅದು ತಾನಾಗಿಯೇ ಅಂಟಿಕೊಳ್ಳುತ್ತದೆ. ಎರಡರಲ್ಲೂ ನೀರನ್ನು ಒಲ್ಲದ ಭಾಗಗಳು ಒಂದಕ್ಕೊಂದು ಸೇರುತ್ತವೆ, ಅಷ್ಟೇ. 1956ರಲ್ಲಿ ಸಿಂಗರ್ ಮತ್ತು ಪ್ಲಾಟ್ಜ್ ಸಂಧಿವಾತದ ಪರೀಕ್ಷೆ ರೂಪಿಸಿದ್ದು ಇಂಥ ಮಣಿಗಳಿಂದಲೇ. ಅಗ್ಗ, ಸುಲಭ.

ತೊಂದರೆ ಆಮೇಲೆ. ಟ್ವೀನ್ ತರದ ಡಿಟರ್ಜೆಂಟ್ ಬಿದ್ದರೆ ಪ್ರೋಟೀನ್ ಕಳಚಿಕೊಳ್ಳಬಹುದು. ಅಂಟುವಾಗಲೇ ಆಕಾರ ಕೆಟ್ಟು ಕೆಲವು ಅಣುಗಳು ಕೆಲಸಕ್ಕೆ ಬಾರದೆ ಹೋಗುವುದೂ ಉಂಟು. ಪ್ರೋಟೀನಿನ ತುಣುಕಿನಂಥ ಚಿಕ್ಕ ಪೆಪ್ಟೈಡ್‌ಗಳಂತೂ ಸರಿಯಾಗಿ ನಿಲ್ಲುವುದೇ ಕಷ್ಟ.

ಕಾರ್ಬಾಕ್ಸಿಲ್ ಮಣಿಗೆ (ಮೇಲ್ಮೈಯಲ್ಲಿ ಕಾರ್ಬಾಕ್ಸಿಲ್ ಗುಂಪುಗಳಿರುವ ಮಣಿ) ಇಡಿಸಿ ಎಂಬ, ಬಂಧ ಹಾಕಿಸುವ ರಾಸಾಯನಿಕ ಹಾಕಿದರೆ ಪ್ರೋಟೀನಿನ ಅಮೈನ್ ಗುಂಪಿನ ಜೊತೆ ಅಮೈಡ್ ಎಂಬ ಗಟ್ಟಿ ರಾಸಾಯನಿಕ ಬಂಧ ಬೀಳುತ್ತದೆ, ತೊಳೆದರೂ ಬಿಡದು. ಆದರೆ ಇಡಿಸಿ ನೀರಿನಲ್ಲಿ ಬೇಗ ಹಾಳಾಗುತ್ತದೆ, ಆಗಿಂದಾಗಲೇ ಕರಗಿಸಿ ಬಳಸಬೇಕು. ಟ್ರಿಸ್ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಬೇಡವೇ ಬೇಡ. ಅದರಲ್ಲೂ ಅಮೈನ್ ಇದೆ ಅಲ್ವಾ, ಪ್ರೋಟೀನಿನ ಜಾಗವನ್ನು ಅದೇ ಹಿಡಿದುಬಿಡುತ್ತದೆ. ಪಿಎಚ್ 5ರಿಂದ 6ರ ಎಂಇಎಸ್ ಬಫರ್ ಸರಿ. ಇಡಿಸಿ ಜಾಸ್ತಿ ಸುರಿದರೆ ಮಣಿಗಳೇ ಗುಂಪುಗಟ್ಟಿ ಕೂರುತ್ತವೆ.

ಒಂದೆರಡು ವಾರದಲ್ಲಿ ಮುಗಿಯುವ ಪ್ರಯೋಗಕ್ಕೆ ಸಾದಾ ಮಣಿ ಸಾಕು. ತಿಂಗಳುಗಟ್ಟಲೆ ಇಡುವ ಕಿಟ್ ಆದರೆ ನನ್ನ ಓಟು ಕಾರ್ಬಾಕ್ಸಿಲ್‌ಗೆ. ಯಾವುದೇ ಆದರೂ, ಉಳಿದ ಖಾಲಿ ಜಾಗವನ್ನು ದನದ ರಕ್ತದ ಪ್ರೋಟೀನ್ ಆದ ಬಿಎಸ್‌ಎ ಹಾಕಿ ಮುಚ್ಚಿ.