ಪೈಪ್ ರೆಂಚ್ ಹಿಡಿದು ಹೊಳೆಯುವ ನಟ್‌ಗೆ ಕೈ ಹಾಕಿದರೆ ಅಲ್ಲೇ ತಡೆಯಿರಿ: ನಮ್ಮ ಮನೆಯಲ್ಲಿ ಆಗಿದ್ದು

ನಲ್ಲಿ ರಿಪೇರಿಗೆ ಅಂತ ಯಾರಾದರೂ ನಿಮ್ಮ ಮನೆಗೆ ಬಂದರೆ, ಅವರು ಚೀಲದಿಂದ ಯಾವ ಸ್ಪ್ಯಾನರ್ ತೆಗೆಯುತ್ತಾರೆ ಅಂತ ದಯವಿಟ್ಟು ನೋಡಿ. ಹಲ್ಲು ಹಲ್ಲಿರುವ ಪೈಪ್ ರೆಂಚ್ ತೆಗೆದು ಬಚ್ಚಲಿನ ಹೊಳೆಯುವ ನಟ್‌ಗೆ ಹಾಕಲು ಹೊರಟರೆ, ಸಂಕೋಚ ಮಾಡಿಕೊಳ್ಳದೆ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ. ಯುಗಾದಿಯ ದಿನ ನಮ್ಮ ಮನೆಯಲ್ಲಿ ಹನಿ ನೀರಿಲ್ಲದ ಹಾಗಾಯಿತು, ಕೆಳಗಿನ ಮನೆಯ ಅಜ್ಜಿಯ ಅಡುಗೆಮನೆ ಸೋರಿತು, ನನ್ನ ಬಲಗೈ ಗೆಣ್ಣಿಗೆ ಮೂರು ಹೊಲಿಗೆ ಬಿತ್ತು.

ನಮ್ಮದು ಬೆಂಗಳೂರಿನ ತ್ಯಾಗರಾಜನಗರದಲ್ಲಿ ಹಳೇ ಮನೆ. ಮೇಲೆ ನಾವು, ಕೆಳಗೆ ಬಾಡಿಗೆಗೆ ವಯಸ್ಸಾದ ದಂಪತಿ. ತಾರಸಿ ಮೇಲೆ ಇನ್ನೂ ಹಳೆಯ ಜಿಐ ಪೈಪುಗಳೇ ಇವೆ, ಅಂದರೆ ಸತುವಿನ ಲೇಪವಿರುವ ಕಬ್ಬಿಣದವು. ಬಚ್ಚಲನ್ನು ಆರು ವರ್ಷದ ಹಿಂದೆ ಹೊಸದಾಗಿ ಮಾಡಿಸಿದ್ದೆವು, ಗೋಡೆಯೊಳಗೆ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು. ಹಬ್ಬದ ಹಿಂದಿನ ದಿನ ವಾಶ್ ಬೇಸಿನ್ ಕೆಳಗೆ ಆಂಗಲ್ ಕಾಕ್ (ಬೇಸಿನ್‌ಗೆ ನೀರು ಬಿಡುವ, ಗೋಡೆಗೆ ಕೂರಿಸಿದ ಸಣ್ಣ ನಲ್ಲಿ) ಹತ್ತಿರ ನೀರು ತೊಟ್ಟಿಕ್ಕುವುದು ಕಾಣಿಸಿತು. ಕನೆಕ್ಷನ್ ಪೈಪಿನ ನಟ್ ಇದೆಯಲ್ಲ, ಅಲ್ಲಿಂದ. ಯಾವಾಗಲೂ ಬರುವ ಪ್ಲಂಬರ್ ಹಬ್ಬಕ್ಕೆ ಊರಿಗೆ ಹೋಗಿದ್ದರು. ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿಯವರು ಒಬ್ಬ ಹುಡುಗನನ್ನು ಕಳಿಸಿದರು.

ಅವನ ಚೀಲದಲ್ಲಿ ಒಂದು ಸುತ್ತಿಗೆ, ಒಂದು ಸುರುಳಿ ಟೇಪು, 14 ಇಂಚಿನ ಒಂದು ಪೈಪ್ ರೆಂಚ್. ಅಷ್ಟೇ. ‘ನಟ್ ಟೈಟ್ ಮಾಡಿದ್ರೆ ಸಾಕು ಅಣ್ಣ, ಎರಡು ನಿಮಿಷದ ಕೆಲಸ’ ಅಂದ. ರೆಂಚಿನ ಬಾಯಿ ತೆರೆದು ನಟ್‌ಗೆ ಸಿಕ್ಕಿಸಿ ಎಳೆದ. ಒಂದು ಸುತ್ತಿನ ಕಾಲು ಭಾಗ ತಿರುಗಿತು, ನೀರು ಕಡಿಮೆಯಾಯಿತು. ಮತ್ತೆ ಶುರುವಾಯಿತು. ಇನ್ನೊಂದು ಸಲ ಎಳೆದ. ಕರಕ್ ಅಂತ ಒಂದು ಸದ್ದು ಬಂತು. ಆ ಸದ್ದು ಗೋಡೆಯ ಒಳಗಿನಿಂದ ಬಂದಿತ್ತು, ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ಹೊರಗೆ ತೊಟ್ಟಿಕ್ಕುವುದು ನಿಂತಿತ್ತು. 300 ರೂಪಾಯಿ ಕೊಟ್ಟು ಕಳಿಸಿದೆ.

ಅವನು ಹೋದ ಮೇಲೆ ಬಗ್ಗಿ ಟಾರ್ಚ್ ಹಾಕಿ ನೋಡಿದೆ. ನಟ್‌ನ ಆರು ಮೂಲೆಗಳಲ್ಲಿ ನಾಲ್ಕು ಉರುಟಾಗಿದ್ದವು. ಬೆಳ್ಳಿ ಬಣ್ಣದ ಕ್ರೋಮ್ ಸಿಪ್ಪೆಯ ಹಾಗೆ ಎದ್ದು, ಒಳಗಿನ ಹಿತ್ತಾಳೆ ಹಳದಿ ಹಳದಿಯಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಇಲಿ ಕೊಬ್ಬರಿ ಕಚ್ಚಿದ ಹಾಗೆ ಸಾಲಾಗಿ ಹಲ್ಲಿನ ಗುರುತು. ಆಂಗಲ್ ಕಾಕ್ ಕೂಡ ಮೊದಲಿನ ಹಾಗೆ ನೇರವಾಗಿರಲಿಲ್ಲ, ಬಲಗಡೆಗೆ ಸ್ವಲ್ಪ ವಾಲಿತ್ತು. ಅಂದರೆ ನಟ್ ಜೊತೆಗೆ ಇಡೀ ಕಾಕ್ ತಿರುಗಿಬಿಟ್ಟಿತ್ತು.

ಬೆಳಿಗ್ಗೆ ಐದೂವರೆಗೆ ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ‘ಬೇವು ಬೆಲ್ಲ ಮಾಡೋಣ ಅಂತ ಎದ್ದೆ ಕಣಪ್ಪಾ, ಒಲೆ ಮೇಲೆ ನೀರು ಬೀಳ್ತಿದೆ’ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಜಾಸ್ತಿ ಬೇಸರ ತಂದಿತು. ಚಾವಣಿಯಲ್ಲಿ ತಟ್ಟೆಯಗಲದ ತೇವ, ಅದರ ನಡುವಿನಿಂದ ಹನಿ.

ತಾರಸಿಗೆ ಓಡಿ, ಟ್ಯಾಂಕಿನಿಂದ ಇಳಿಯುವ ನೀರು ನಿಲ್ಲಿಸುವ ಗೇಟ್ ವಾಲ್ವ್ ತಿರುಗಿಸಿದೆ. ಬೋರ್ ನೀರಿನ ಗಡಸಿಗೆ ಒಳಗೆಲ್ಲ ಸುಣ್ಣ ಕಟ್ಟಿಕೊಂಡಿತ್ತು. ಚಕ್ರ ಸುಮ್ನೆ ತಿರುಗುತ್ತಿತ್ತು, ನೀರು ನಿಲ್ಲಲಿಲ್ಲ. ಬೇರೆ ದಾರಿ ಇಲ್ಲದೆ ಬಕೆಟ್, ಹಂಡೆ ಎಲ್ಲ ತುಂಬಿಸಿ, ಉಳಿದಿದ್ದನ್ನು ಟ್ಯಾಂಕಿನಿಂದ ಹೊರಗೆ ಬಿಟ್ಟೆವು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಮಾಡಿ ತಂದ ಕಾವೇರಿ ನೀರು, ನಮ್ಮ ಬೀದಿಗೆ ದಿನ ಬಿಟ್ಟು ದಿನ ಬರುವುದು. ಅದು ಮಳೆನೀರಿನ ಕೊಳವೆಯಲ್ಲಿ ಇಳಿದು ಚರಂಡಿಗೆ ಹೋಗುವುದನ್ನು ನೋಡುತ್ತ ನಿಲ್ಲುವುದು ಬಹಳ ಕಷ್ಟ.

ಇಲ್ಲಿಂದ ಮುಂದಿನ ತಪ್ಪು ನನ್ನದೇ. ಬಚ್ಚಲಿಗೆ ಹೋಗುವ ಜಿಐ ಪೈಪಿನ ತುಂಡನ್ನು ಟೀ (ಪೈಪು ಕವಲೊಡೆಯುವ ಮೂರು ಬಾಯಿಯ ಜೋಡಣೆ) ಹತ್ತಿರ ಬಿಚ್ಚಿ ಅಲ್ಲಿ ಒಂದು ಪ್ಲಗ್ ಹಾಕಿದರೆ ಅಡುಗೆಮನೆಗಾದರೂ ನೀರು ಬಿಡಬಹುದು ಅಂತ ಯೋಚಿಸಿದೆ. ಯೋಚನೆ ಸರಿಯಾಗಿಯೇ ಇತ್ತು. ಮನೆಯಲ್ಲಿದ್ದದ್ದು 10 ಇಂಚಿನ ಸ್ಕ್ರೂ ಸ್ಪ್ಯಾನರ್ ಒಂದೇ, ಗಾಲಿ ತಿರುಗಿಸಿ ಬಾಯಿ ಹಿಗ್ಗಿಸಿ ಕುಗ್ಗಿಸುತ್ತೇವಲ್ಲ, ಅದು. ಉರುಟಾದ ಪೈಪಿಗೆ ಅದನ್ನು ಬಿಗಿಯಾಗಿ ಕೂರಿಸಿ, ಎರಡೂ ಕೈ ಹಾಕಿ ನೂಕಿದೆ. ಪೈಪ್ ಕದಲಲಿಲ್ಲ. ಇನ್ನೂ ಜೋರಾಗಿ ನೂಕಿದೆ. ಸ್ಪ್ಯಾನರ್ ಪೈಪಿನ ಮೇಲೆ ಜಾರಿ ಗರ್ರನೆ ಸುತ್ತಿತು, ನನ್ನ ಮುಷ್ಟಿ ಪ್ಯಾರಾಪೆಟ್ ಗೋಡೆಯ ಅಂಚಿಗೆ ಹೋಗಿ ಬಡಿಯಿತು. ಮನೆಯವರು ಎಣ್ಣೆಸ್ನಾನಕ್ಕೆ ತೆಗೆದಿಟ್ಟಿದ್ದ ಹಂಡೆ ನೀರಿನಲ್ಲೇ ಕೈ ತೊಳೆದು ಕ್ಲಿನಿಕ್‌ಗೆ ಹೊರಟೆ.

ಎರಡು ದಿನ ಬಿಟ್ಟು ನಮ್ಮ ಹಳೇ ಪ್ಲಂಬರ್ ಬಂದರು. ಮೂರು ಟೈಲ್ಸ್ ಒಡೆದು ಗೋಡೆ ಬಿಡಿಸಿ ತೋರಿಸಿದರು. ಆಂಗಲ್ ಕಾಕ್ ಕೂರುವ ಕಡೆ ಒಂದು ಸಿಪಿವಿಸಿ ಎಲ್ಬೋ, ಅಂದರೆ ಮೊಣಕೈಯ ಹಾಗೆ ಬಾಗಿದ ಜೋಡಣೆ, ಅದರ ಬಾಯಲ್ಲಿ ಹಿತ್ತಾಳೆಯ ತ್ರೆಡ್ (ತಿರುಪಿನ ಸುತ್ತು). ಕಾಕ್ ತಿರುಗಿದಾಗ ಹಿತ್ತಾಳೆ ಜೊತೆಗೇ ತಿರುಗಲು ನೋಡಿದೆ, ಸುತ್ತಲಿನ ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಅಷ್ಟು ಸಣ್ಣ ಬಿರುಕಿನಿಂದ ಇಡೀ ರಾತ್ರಿ ಗೋಡೆಯೊಳಗೆ ನೀರು ಇಳಿದಿದೆ.

ಆಮೇಲೆ ನಟ್ ಬಿಚ್ಚಿ, ಒಳಗಿನ ರಬ್ಬರ್ ವಾಷರ್ ಅನ್ನು ಅಂಗೈ ಮೇಲೆ ಇಟ್ಟರು. ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಟ್ಟಿಯಾಗಿ ಸೀಳಿತ್ತು. ‘ಇದೊಂದು ಬದಲಾಯಿಸಿದ್ರೆ ಆಗ್ತಿತ್ತು ಸಾರ್. ಈ ನಟ್‌ನಲ್ಲಿ ನೀರು ತಡೆಯೋದು ತ್ರೆಡ್ ಅಲ್ಲ, ವಾಷರ್ರು. ಕೈಯಲ್ಲಿ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಮುಗೀತು’ ಅಂದರು. ಹತ್ತು ರೂಪಾಯಿಯ ವಾಷರ್. ಟೈಲ್ಸ್, ಎಲ್ಬೋ, ಹೊಸ ಕಾಕ್, ಕೂಲಿ, ಕೆಳಗಿನ ಮನೆಯ ಚಾವಣಿಗೆ ಬಣ್ಣ ಎಲ್ಲ ಸೇರಿ 11,000 ರೂಪಾಯಿ ದಾಟಿತು.

ಎರಡೂ ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರ್‌ಗಳೇ, ಹಾಗಾಗಿ ಒಂದರ ಕೆಲಸ ಇನ್ನೊಂದು ಮಾಡುತ್ತದೆ ಅಂತ ನನ್ನ ಹಾಗೆ ತುಂಬ ಜನ ಅಂದುಕೊಂಡಿದ್ದೀರಿ ಅನ್ನಿಸುತ್ತದೆ. ಹಾಗಲ್ಲ. ಪ್ಲಂಬರ್ ತಮ್ಮ ಪೈಪ್ ರೆಂಚನ್ನು ನನ್ನ ಕೈಗೆ ಕೊಟ್ಟು ಅದರ ಮೇಲಿನ ದವಡೆ ಅಲ್ಲಾಡಿಸಿ ನೋಡಿ ಅಂದರು. ಲೊಡಲೊಡ ಅಂತ ಆಡಿತು. ಹಳೆಯದಾಗಿ ಸಡಿಲವಾಗಿದೆ ಅಂದುಕೊಂಡೆ. ಇಲ್ಲ, ಹೊಸದೂ ಹಾಗೇ ಇರುತ್ತದಂತೆ. ಆ ಕೊಕ್ಕಿನಂಥ ದವಡೆ ಆಡುವುದರಲ್ಲೇ ಅದರ ಗುಟ್ಟಿದೆ. ಹಿಡಿ ಎಳೆದಾಗ ದವಡೆ ಒಂದು ಚೂರು ವಾಲಿ ಪೈಪನ್ನು ಕಚ್ಚುತ್ತದೆ. ಇನ್ನೂ ಎಳೆದರೆ ಇನ್ನೂ ಕಚ್ಚುತ್ತದೆ. ಹಲ್ಲುಗಳು ಒಂದು ದಿಕ್ಕಿಗೆ ಓರೆಯಾಗಿರುವುದರಿಂದ ಆ ದಿಕ್ಕಿಗೆ ಮಾತ್ರ ಹಿಡಿತ, ಹಿಂದಕ್ಕೆ ತಂದರೆ ತಾನೇ ಬಿಡುತ್ತದೆ. ಉರುಟು ಕಬ್ಬಿಣದ ಪೈಪಿಗೆ ಹಿಡಿಯಲು ಮೂಲೆಯೇ ಇಲ್ಲವಲ್ಲ, ಅದಕ್ಕೆ ಕಚ್ಚಿಯೇ ಹಿಡಿಯಬೇಕು. ಹಲ್ಲಿನ ಗುರುತು ಬಿದ್ದರೂ ಜಿಐ ಪೈಪಿಗೆ ನಡೆಯುತ್ತದೆ. ಆದರೆ ನಮ್ಮ ತೆಳು ಹಿತ್ತಾಳೆ ನಟ್? ಎಳೆದಷ್ಟೂ ಅದನ್ನು ಹಿಂಡುತ್ತ, ಮೂಲೆ ತಿನ್ನುತ್ತ ಹೋಗುತ್ತದೆ. ಎಷ್ಟು ಬಲ ಬೀಳುತ್ತಿದೆ ಅಂತ ಕೈಗೂ ತಿಳಿಯುವುದಿಲ್ಲ. 14 ಇಂಚಿನ ಉದ್ದದ ಹಿಡಿ ಬೇರೆ.

ಸ್ಕ್ರೂ ಸ್ಪ್ಯಾನರ್‌ನ ದವಡೆಗಳು ನುಣುಪು, ಒಂದಕ್ಕೊಂದು ಸಮಾನಾಂತರ. ನಟ್‌ನ ಎದುರುಬದುರು ಇರುವ ಎರಡು ಚಪ್ಪಟೆ ಮುಖಗಳಿಗೆ ಅವು ಮೈ ಹಚ್ಚಿ ಕೂರುತ್ತವೆ. ಹಿಡಿತ ಬರುವುದು ಆ ಚಪ್ಪಟೆಯಿಂದ, ಕಚ್ಚುವುದರಿಂದ ಅಲ್ಲ. ಅದನ್ನೇ ಉರುಟು ಪೈಪಿಗೆ ಹಾಕಿದರೆ ಎರಡು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಎಳೆದಷ್ಟೂ ಬಿಗಿಯಾಗುವ ಗುಣ ಅದಕ್ಕಿಲ್ಲ. ಜಾರಲೇಬೇಕು, ನನ್ನ ಗೆಣ್ಣೇ ಸಾಕ್ಷಿ.

ಇದು ನಿಜಕ್ಕೂ ಹೀಗೇನಾ ಅಂತ ಹೊಲಿಗೆ ಒಣಗುವವರೆಗೆ ಕೂತು ಓದಿದೆ. ಹಲ್ಲಿನ ಪೈಪ್ ರೆಂಚಿಗೆ ಅಮೆರಿಕದ ಡೇನಿಯಲ್ ಸ್ಟಿಲ್ಸನ್ ಪೇಟೆಂಟ್ ಪಡೆದದ್ದು 1869ರಲ್ಲಿ. ಇಂದಿಗೂ ಅದನ್ನು ಸ್ಟಿಲ್ಸನ್ ಅನ್ನುವವರಿದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ ಅವರ ಕತೆ. ಅವರು 1888ರಲ್ಲಿ ಪೈಪ್ ಹಿಡಿಯುವ ಒಂದು ರೆಂಚಿಗೆ ಪೇಟೆಂಟ್ ಪಡೆದರು. 1892ರಲ್ಲಿ ನಾವೀಗ ಬಳಸುವ ರೂಪದ ಸ್ಕ್ರೂ ಸ್ಪ್ಯಾನರ್‌ಗೆ ಬೇರೆಯದೇ ಪೇಟೆಂಟ್ ಪಡೆದರು. ಪೈಪಿಗೂ ನಟ್‌ಗೂ ಒಂದೇ ಸಾಕಾಗಿದ್ದರೆ, ಅದೇ ಮನುಷ್ಯ ನಾಲ್ಕು ವರ್ಷದಲ್ಲಿ ಎರಡು ಮಾಡುತ್ತಿರಲಿಲ್ಲ ಅಲ್ವಾ?

ಸ್ಕ್ರೂ ಸ್ಪ್ಯಾನರ್ ಇಟ್ಟುಕೊಂಡವರಿಗೂ ಒಂದು ಮಾತು. ಹಾಕುವಾಗ ಕದಲುವ ದವಡೆ ನಿಮ್ಮ ಕಡೆಗಿರಲಿ, ಹಿಡಿಯನ್ನು ನಿಮ್ಮ ಕಡೆಗೆ ಎಳೆಯಿರಿ. ಆಗ ಭಾರ ಗಟ್ಟಿ ದವಡೆ ಮೇಲೆ ಬೀಳುತ್ತದೆ. ತಿರುವಿ ಹಾಕಿದರೆ ಭಾರವೆಲ್ಲ ಕದಲುವ ದವಡೆಗೂ ಆ ಸಣ್ಣ ಗಾಲಿಗೂ ಬಿದ್ದು ಬಾಯಿ ಸಡಿಲವಾಗುತ್ತದೆ, ನಟ್‌ನ ಮೂಲೆ ಹೋಗುತ್ತದೆ. ನಟ್‌ಗೆ ಕೂರಿಸಿದ ಮೇಲೆ ಗಾಲಿಯನ್ನು ಮತ್ತೊಮ್ಮೆ ಬೆರಳಿನಿಂದ ಬಿಗಿ ಮಾಡಿ. ನೂಕುವುದಂತೂ ಬೇಡವೇ ಬೇಡ. ನಾನು ನೂಕದೆ ಎಳೆದಿದ್ದರೆ ಸ್ಪ್ಯಾನರ್ ಜಾರಿದರೂ ಕೈ ಗೋಡೆಗೆ ಬಡಿಯುತ್ತಿರಲಿಲ್ಲ. ಪೈಪ್ ರೆಂಚಿನಲ್ಲೂ ಬಾಯಿ ಯಾವ ಕಡೆಗೆ ತೆರೆದಿದೆಯೋ ಆ ಕಡೆಗೇ ಹಿಡಿ ಎಳೆಯಬೇಕು. ಪೈಪಿನ ಬೆನ್ನು ದವಡೆಯ ಬುಡಕ್ಕೆ ಪೂರ್ತಿ ತಾಗದೆ ನಡುವೆ ಸ್ವಲ್ಪ ಸಂದು ಇರಬೇಕು, ಇಲ್ಲದಿದ್ದರೆ ಕಚ್ಚುವುದಿಲ್ಲ. ಬಲ ಸಾಲದು ಅಂತ ಹಿಡಿಗೆ ಉದ್ದದ ಪೈಪ್ ತೂರಿಸಿ ಎಳೆಯುವವರನ್ನು ನೋಡಿದ್ದೇನೆ. ಹಿಡಿಯೇ ಮುರಿದು ಮುಖಕ್ಕೆ ಬಂದರೆ ಏನು ಗತಿ? ದೊಡ್ಡ ಸೈಜಿನ ರೆಂಚ್ ತನ್ನಿ.

ಇನ್ನು ಸಿಪಿವಿಸಿ, ಯುಪಿವಿಸಿ ಪೈಪಿನ ಮೈಗೆ ಹಲ್ಲಿನ ರೆಂಚ್ ತಾಗಿಸಲೇಬೇಡಿ. ಪ್ಲಾಸ್ಟಿಕ್ ಮೇಲೆ ಬಿದ್ದ ಗೀರು ಮುಂದೆ ಅಲ್ಲಿಂದಲೇ ಸೀಳಬಹುದು. ಅದಕ್ಕೆ ಪಟ್ಟಿ ಸುತ್ತಿ ಹಿಡಿಯುವ ಬೆಲ್ಟ್ ರೆಂಚ್ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ವಿಷಯ ಎರಡು ಕೈಯದ್ದು. ತಾರಸಿಯಲ್ಲಿ ನನ್ನ ಕೈಗೆ ಹೊಲಿಗೆ ಬೀಳಿಸಿದ್ದ ಅದೇ ಪೈಪನ್ನು ಪ್ಲಂಬರ್ ಬಿಚ್ಚಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಒಂದು ಪೈಪ್ ರೆಂಚನ್ನು ಟೀಗೆ ಹಾಕಿ ಎಡಗೈಯಿಂದ ಅಲುಗದಂತೆ ಹಿಡಿದರು. ಇನ್ನೊಂದನ್ನು ಎದುರು ದಿಕ್ಕಿಗೆ ಪೈಪಿಗೆ ಹಾಕಿ ಬಲಗೈಯಿಂದ ಎಳೆದರು. ಟಕ್ ಅಂತ ಒಂದು ಸದ್ದು, ತ್ರೆಡ್ ಸಂದಿನಿಂದ ತುಕ್ಕಿನ ಪುಡಿ ಉದುರಿತು, ಪೈಪ್ ತಿರುಗಿತು. ಅರ್ಧ ನಿಮಿಷ ಹಿಡಿಯಲಿಲ್ಲ. ಒಂದು ಹಿಡಿದಿರುತ್ತದೆ, ಒಂದು ತಿರುಗಿಸುತ್ತದೆ, ಹಾಗಾಗಿ ಬಲ ಮುಂದಿನ ಜಾಯಿಂಟಿಗೆ ಹೋಗುವುದೇ ಇಲ್ಲ. ಬಚ್ಚಲಿನಲ್ಲಿ ಆ ಹುಡುಗ ಆಂಗಲ್ ಕಾಕನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಿದ್ದರೆ ಗೋಡೆಯೊಳಗಿನ ಎಲ್ಬೋಗೆ ಏನೂ ಆಗುತ್ತಿರಲಿಲ್ಲ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಯಾರೂ ಕಲಿಸಿಲ್ಲ, ಇನ್ನೊಂದು ಸ್ಪ್ಯಾನರ್ ಕೊಳ್ಳಲು ಕೈಯಲ್ಲಿ ದುಡ್ಡೂ ಇಲ್ಲದಿರಬಹುದು. ಆದರೆ ಮನೆ ನಮ್ಮದು, ಕೇಳಬೇಕಾದವರೂ ನಾವೇ. ‘ನಟ್‌ಗೆ ಹಾಕೋ ಸ್ಪ್ಯಾನರ್ ತಂದಿದ್ದೀಯೇನಪ್ಪಾ? ಕಾಕ್ ಹಿಡ್ಕೊಳ್ಳೋಕೆ ಇನ್ನೊಂದಿದೆಯಾ?’ ಇಷ್ಟು ಕೇಳಿ. ಇಲ್ಲ ಅಂದರೆ ನಿಮ್ಮ ಮನೆಯದೇ ಕೊಡಿ.

ಕೈ ಸರಿಹೋದ ಮೇಲೆ ಎಸ್‌ಜೆಪಿ ರಸ್ತೆಗೆ ಹೋಗಿ 8 ಇಂಚಿನ ಎರಡು ಸ್ಕ್ರೂ ಸ್ಪ್ಯಾನರ್ ತಂದೆ. ಕೊಳ್ಳುವ ಮುಂಚೆ ಬಾಯಿ ಪೂರ್ತಿ ತೆರೆದು, ಕದಲುವ ದವಡೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದೆ. ಪೈಪ್ ರೆಂಚಿನಲ್ಲಿ ಆಡಬೇಕು, ಇದರಲ್ಲಿ ಆಡಬಾರದು. ಅಂಗಡಿಯವರು ಮೊದಲು ಕೊಟ್ಟಿದ್ದು ಆಡುತ್ತಿತ್ತು, ವಾಪಸ್ ಕೊಟ್ಟು ಬೇರೆ ತೆಗೆಸಿದೆ. ತಾರಸಿಯ ಗೇಟ್ ವಾಲ್ವ್ ತೆಗೆಸಿ ಬಾಲ್ ವಾಲ್ವ್ ಹಾಕಿಸಿದ್ದೇನೆ, ತಿಂಗಳಿಗೊಮ್ಮೆ ಹೋಗಿ ಮುಚ್ಚಿ ತೆರೆದು ಬರುತ್ತೇನೆ. ಬಚ್ಚಲಿನ ಮೂರು ಟೈಲ್ಸ್‌ಗೆ ಅದೇ ಬಣ್ಣ ಎಲ್ಲೂ ಸಿಗಲಿಲ್ಲ. ಕೆಳಗಿನ ಮನೆಯ ಅಜ್ಜಿ ಆ ಯುಗಾದಿಯ ಹೋಳಿಗೆಯನ್ನು ಮುಂದಿನ ಭಾನುವಾರ ಮಾಡಿ, ನಮಗೂ ಒಂದು ಡಬ್ಬಿ ಕಳಿಸಿಕೊಟ್ಟರು.